ಹೊಸ ವರ್ಷದ ತಟ್ಟೆಯಲ್ಲಿ ಆ ಕಪ್ಪು ಕೂದಲೇಕೆ?

ಪ್ರಶ್ನೆ: ಚೀನೀ ಹೊಸ ವರ್ಷದ ಊಟದಲ್ಲಿ ಕೂದಲಿನಂಥ ಕಪ್ಪು ಕಡಲಪಾಚಿಯನ್ನು ತಿಂದರೆ ಶ್ರೀಮಂತರಾಗುತ್ತೇವೆಂದು ನಂಬುವುದೇಕೆ?

ಉತ್ತರ: ವರ್ಷ ಬದಲಾದರೂ ಈ ಪ್ರಶ್ನೆ ಬದಲಾಗುವುದಿಲ್ಲ; ಅದರೊಳಗೆ ಅಡಗಿರುವ ತಪ್ಪೂ ಬದಲಾಗುವುದಿಲ್ಲ. ಹಣದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ದಕ್ಷಿಣ ಚೀನಾದ ಕ್ಯಾಂಟನೀಸ್ ಭಾಷೆಯಲ್ಲಿ ಆ ಪದಾರ್ಥದ ಹೆಸರು ‘ಫಾತ್ ಚೊಯ್’, ಅಂದರೆ ಕೂದಲ ಸೊಪ್ಪು. ‘ಸಿರಿವಂತರಾಗಿ’ ಎಂಬ ಹಾರೈಕೆಯೂ ‘ಫಾತ್ ಚೊಯ್’ ಎಂದೇ ಕೇಳಿಸುತ್ತದೆ. ‘ಚೊಯ್’ ಎನ್ನುವಾಗಿನ ಸ್ವರದ ಏರಿಳಿತದಲ್ಲಿ ಮಾತ್ರ ವ್ಯತ್ಯಾಸ. ಅದರ ಜೊತೆಗೆ ಬೇಯಿಸುವ ಒಣಗಿಸಿದ ಸಿಂಪಿಯ ಹೆಸರು ‘ಹೌ ಸಿ’. ಅದು ‘ಒಳ್ಳೆಯ ವ್ಯಾಪಾರ’ ಎಂಬ ಮಾತನ್ನು ಹೋಲುತ್ತದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದರೆ ಬಾಯಿ ತೆರೆಯದೆಯೇ ಹಾರೈಸಿದಂತಾಯಿತು. ಇದು ಶ್ಲೇಷೆ, ತಿಂದ ಮಾತ್ರಕ್ಕೆ ದುಡ್ಡು ಬರುತ್ತದೆಂದು ಲೆಕ್ಕ ಹಾಕಿ ಯಾರೂ ಊಟಕ್ಕೆ ಕೂರುವುದಿಲ್ಲ.

ಇನ್ನು ಆ ‘ಕಡಲಪಾಚಿ’. ದಯವಿಟ್ಟು ಈ ಮಾತನ್ನು ಇನ್ನಾದರೂ ಬಿಟ್ಟುಬಿಡಿ. ಫಾತ್ ಚೊಯ್‌ಗೂ ಕಡಲಿಗೂ ಯಾವ ಸಂಬಂಧವೂ ಇಲ್ಲ. ಅದು ಕಪ್ಪಗಿದೆ, ನೀರಿನಲ್ಲಿ ನೆನೆಸಿದರೆ ನುಣುಪಾಗುತ್ತದೆ, ಸಿಂಪಿಯ ಪಕ್ಕದಲ್ಲೇ ಕುಳಿತಿರುತ್ತದೆ ಎಂಬ ಕಾರಣಕ್ಕೆ ನೋಡಿದವರೆಲ್ಲ ಅದನ್ನು ಸಮುದ್ರಕ್ಕೆ ಸೇರಿಸಿಬಿಟ್ಟಿದ್ದಾರೆ. ವಾಸ್ತವದಲ್ಲಿ ಅದು ‘ನಾಸ್ಟಾಕ್ ಫ್ಲಾಜೆಲಿಫಾರ್ಮೆ’ ಎಂಬ ಸಯನೋಬ್ಯಾಕ್ಟೀರಿಯ, ಅಂದರೆ ಗಿಡಗಳಂತೆ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯ. ಸೊಪ್ಪೂ ಅಲ್ಲ, ಕೂದಲಂತೂ ಅಲ್ಲ. ಉತ್ತರ ಚೀನಾದ ಒಳ ಮಂಗೋಲಿಯ, ನಿಂಗ್‌ಶಿಯ, ಗಾನ್ಸು ಮೊದಲಾದ ಕಡೆಗಳ ಒಣ ಹುಲ್ಲುಗಾವಲು ಮತ್ತು ಅರೆಮರುಭೂಮಿಯ ನೆಲದ ಮೇಲೆ, ಕಡಲ ತೀರದಿಂದ ಬಹುದೂರದಲ್ಲಿ, ಮಳೆಯಿಲ್ಲದಾಗ ಒಣಗಿ ಸತ್ತಂತೆ ಬಿದ್ದಿದ್ದು ಹನಿ ನೀರು ಸಿಕ್ಕೊಡನೆ ಮತ್ತೆ ಜೀವ ಹಿಡಿಯುವ ಜೀವಿ ಅದು. ಗಾಳಿಯ ಸಾರಜನಕವನ್ನು ಹೀರಿ ಬಡ ಮಣ್ಣಿಗೆ ಕೊಡುವುದೂ ಅದರ ಕೆಲಸಗಳಲ್ಲೊಂದು.

ಇದು ಬರೀ ಹೆಸರಿನ ತಕರಾರಲ್ಲ. ಕಡಲಿನದು ಎಂದುಕೊಂಡವರಿಗೆ ಅದನ್ನು ಕೀಳುವುದರಿಂದಾಗುವ ಹಾನಿ ಕಣ್ಣಿಗೆ ಬೀಳುವುದೇ ಇಲ್ಲ. ಕೀಳುವವರು ಬಾಗಿದ ತಂತಿಯ ಹಲ್ಲುಗಳಿರುವ ಕುಂಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಹಲ್ಲಿಗೆ ಸಿಕ್ಕಿಕೊಳ್ಳುವುದರಲ್ಲಿ ಬಹುಪಾಲು ಹುಲ್ಲು, ಬೇರು, ಕಸ. ಆ ಗಂಟಿನಿಂದ ಕಪ್ಪು ಎಳೆಗಳನ್ನು ಕೈಯಲ್ಲಿ ಬಿಡಿಸಿದರೆ ಉಳಿಯುವುದು ಹಿಡಿಯಷ್ಟೂ ಇರುವುದಿಲ್ಲ. ಹುಲ್ಲು ಕಿತ್ತ ನೆಲದ ಮೇಲ್ಮಣ್ಣನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ. ಕೊನೆಗೆ 2000ರಲ್ಲಿ ಚೀನಾ ಸರ್ಕಾರ ಇದರ ಸಂಗ್ರಹಣೆಯನ್ನೂ ಮಾರಾಟವನ್ನೂ ನಿಷೇಧಿಸಿತು. ಬೇಡಿಕೆ ನಿಲ್ಲಲಿಲ್ಲ, ಹಾಗಾಗಿ ಪಿಷ್ಟದ ಎಳೆಗಳಿಗೆ ಬಣ್ಣ ಬಳಿದ ನಕಲಿ ಮಾಲು ಹುಟ್ಟಿಕೊಂಡಿತು. ಇಷ್ಟೆಲ್ಲ ನಡೆದದ್ದು ತನ್ನದೇ ರುಚಿಯೆಂಬುದು ಹೆಚ್ಚುಕಡಿಮೆ ಇಲ್ಲದ ಒಂದು ಪದಾರ್ಥಕ್ಕಾಗಿ ಎಂಬುದನ್ನು ಗಮನಿಸಿ. ಅದರ ಬೆಲೆಯೆಲ್ಲ ಇರುವುದು ಉಚ್ಚಾರಣೆಯಲ್ಲಿ.

ನೆಲವನ್ನು ಕೆಡಿಸದ ಶ್ಲೇಷೆಗಳೂ ಬೇಕಾದಷ್ಟಿವೆ. ಚೀನೀ ಭಾಷೆಯಲ್ಲಿ ಮೀನು ಮತ್ತು ‘ಮಿಗುವುದು’ ಎರಡಕ್ಕೂ ಉಚ್ಚಾರಣೆ ಒಂದೇ, ಆದ್ದರಿಂದ ಹಬ್ಬದ ಮೀನನ್ನು ಪೂರ್ತಿ ತಿನ್ನದೆ ಸ್ವಲ್ಪ ಉಳಿಸುವ ರೂಢಿ ಅನೇಕ ಮನೆಗಳಲ್ಲಿದೆ. ಲೆಟ್ಯೂಸ್ ಸೊಪ್ಪಿನ ಹೆಸರು ‘ಹಣ ಹುಟ್ಟಲಿ’ ಎಂಬಂತೆ ಕೇಳುತ್ತದೆ. ಸಿಂಹನೃತ್ಯದ ಸಿಂಹ ಅಂಗಡಿಯ ಬಾಗಿಲಿಗೆ ತೂಗುಹಾಕಿದ ಆ ಸೊಪ್ಪನ್ನು ಕಚ್ಚಿ ಉಗುಳುವುದು ಅದಕ್ಕೇ.

ಆದರೆ ಯಾರೂ ಕೇಳದ, ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಬೇರೆ: ಹೆಸರೇ ಅಪಶಕುನವಾದರೆ ಏನು ಮಾಡುತ್ತಾರೆ? ಕ್ಯಾಂಟನೀಸ್‌ನಲ್ಲಿ ನಾಲಿಗೆ ‘ಸಿತ್’, ನಷ್ಟವೂ ‘ಸಿತ್’. ದುಡಿದು ತಿನ್ನುವ ವ್ಯಾಪಾರಿ ನಷ್ಟವನ್ನು ಕೊಂಡು ತಿನ್ನುವುದುಂಟೇ? ಹೀಗಾಗಿ ಹಂದಿಯ ನಾಲಿಗೆಗೆ ‘ಲೇ’ ಎಂದು ಹೆಸರಿಟ್ಟರು. ಅದು ಲಾಭ ಎಂಬ ಪದದ ಉಚ್ಚಾರಣೆ. ಯಕೃತ್ತಿನ ಹೆಸರು ‘ಗೋನ್’, ಅದು ‘ಒಣಗಿದ್ದು’ ಎಂದೂ ಕೇಳಿಸಿ ಬರಿದಾದ ಜೇಬನ್ನು ನೆನಪಿಸುತ್ತದೆ. ಮಾಂಸದಂಗಡಿಯಲ್ಲಿ ಅದಕ್ಕೆ ‘ತೇವ’ ಎಂಬರ್ಥ ಹೊಳೆಯುವ ಹೆಸರು ಬಂತು. ಮುಂದಿನದು ಇನ್ನೂ ಸ್ವಾರಸ್ಯಕರ. ನಾಲಿಗೆಯ ಹೊಸ ಹೆಸರು ಅಂಗಡಿಯಲ್ಲೇ ಉಳಿಯದೆ ಮನುಷ್ಯರ ಬಾಯಿಗೂ ಬಂದು, ಆಡುಮಾತಿನಲ್ಲಿ ಎಲ್ಲರ ನಾಲಿಗೆಯೂ ‘ಲೇ’ ಆಯಿತು. ಮನುಷ್ಯರ ಯಕೃತ್ತು ಮಾತ್ರ ಮಾರಾಟಕ್ಕಿಲ್ಲವಾದ್ದರಿಂದಲೋ ಏನೋ, ಇಂದಿಗೂ ‘ಗೋನ್’ ಆಗಿಯೇ ಇದೆ.