ಆಪ್ಟೋಮೆಟ್ರಿ ಸ್ಟೂಡೆಂಟ್ಸ್‌ಗೆ ಕ್ಲಬ್ ಯಾಕೆ, ಅಸೋಸಿಯೇಷನ್ ಯಾಕೆ

ಇಂಟರ್ನ್‌ಶಿಪ್‌ಗೆ ಅಂತ ನಮ್ಮ ಕ್ಲಿನಿಕ್‌ಗೆ ಬರೋ ಬಿ.ಆಪ್ಟೋಮ್ (ಕಣ್ಣಿನ ದೃಷ್ಟಿ ಪರೀಕ್ಷೆ ಮಾಡಿ ಕನ್ನಡಕ ಬರೆಯೋ ಆಪ್ಟೋಮೆಟ್ರಿ ಡಿಗ್ರಿ) ಹುಡುಗ ಹುಡುಗೀರಲ್ಲಿ ತುಂಬಾ ಜನ ಕೇಳೋ ಪ್ರಶ್ನೆ ಇದು, ಅಸೋಸಿಯೇಷನ್ ಮೆಂಬರ್‌ಶಿಪ್ ತಗೊಂಡ್ರೆ ನಮಗೇನು ಸಿಗುತ್ತೆ, ಕಾಲೇಜ್ ಕ್ಲಬ್ಬಲ್ಲಿ ಇದ್ರೆ ಕೆಲಸಕ್ಕೆ ಹೆಲ್ಪ್ ಆಗುತ್ತಾ ಇಲ್ಲ ಎಲ್ಲಾ ಬರೀ ಸರ್ಟಿಫಿಕೇಟ್‌ಗಾ ಅಂತ. ನ್ಯಾಯವಾದ ಪ್ರಶ್ನೆನೇ. ಮನೆಯವರಿಗೆ ಇನ್ನೂ ಮಗಳು ಕಣ್ಣಿನ ಡಾಕ್ಟರ್ ಓದ್ತಿದಾಳೋ ಕನ್ನಡಕದ ಅಂಗಡಿ ಕೋರ್ಸ್ ಮಾಡ್ತಿದಾಳೋ ಅಂತ ಸರಿಯಾಗಿ ತಿಳಿದಿರಲ್ಲ, ಕಾಲೇಜ್ ಫೀಸು ಹಾಸ್ಟೆಲ್ ಫೀಸು ಕಟ್ಟೋದ್ರಲ್ಲೇ ಸಾಕಾಗಿರುತ್ತೆ, ಅಂಥದ್ರಲ್ಲಿ ಇನ್ನೊಂದಿಷ್ಟು ದುಡ್ಡು ಕಟ್ಟು ಭಾನುವಾರ ಕ್ಯಾಂಪಿಗೆ ಬಾ ಅಂದ್ರೆ ಯಾಕೆ ಅಂತ ಕೇಳೇ ಕೇಳ್ತಾರೆ.

ಮೊದಲು ಅಸೋಸಿಯೇಷನ್ ವಿಷಯ ಹೇಳ್ತೀನಿ. ಬ್ರಿಟನ್‌ನಲ್ಲಿ ಬ್ರಿಟಿಷ್ ಆಪ್ಟಿಕಲ್ ಅಸೋಸಿಯೇಷನ್ ಶುರುವಾಗಿದ್ದು 1895ರಲ್ಲಿ, ಮುಂದಿನ ವರ್ಷವೇ ಅವರು ತಮ್ಮವರಿಗೆ ತಾವೇ ಪರೀಕ್ಷೆ ಇಟ್ರು, ಪಾಸಾದವನು ಮಾತ್ರ ನಮ್ಮವನು ಅಂತ. ಅಲ್ಲಿ ಆಪ್ಟಿಶಿಯನ್ಸ್ ಕಾಯ್ದೆ ಬಂದು ಈ ವೃತ್ತಿಯವರ ನೋಂದಣಿ ನೋಡ್ಕೊಳ್ಳೋ ಜನರಲ್ ಆಪ್ಟಿಕಲ್ ಕೌನ್ಸಿಲ್ ಆಗಿದ್ದು 1958ರಲ್ಲಿ. ಅಮೆರಿಕದಲ್ಲಿ 1898ರಲ್ಲಿ ಅಸೋಸಿಯೇಷನ್, 1901ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಮೊದಲ ಕಾನೂನು, ಆಮೇಲೆ ಒಂದೊಂದೇ ರಾಜ್ಯ ಓಡಾಡಿ ಎಲ್ಲಾ ಕಡೆ ಕಾನೂನು ಆಗೋ ಹೊತ್ತಿಗೆ 1924. ಎರಡೂ ಕಡೆ ಮೊದಲು ಬಂದಿದ್ದು ಸಂಘ, ಕಾನೂನು ಬಂದಿದ್ದು ಆಮೇಲೆ. ನಮ್ಮಲ್ಲಿ ಅಲಿಗಢದ ಗಾಂಧಿ ಕಣ್ಣಿನ ಆಸ್ಪತ್ರೆಯಲ್ಲೂ ಹೈದರಾಬಾದ್‌ನ ಸರೋಜಿನಿ ದೇವಿ ಆಸ್ಪತ್ರೆಯಲ್ಲೂ ಡಿಪ್ಲೊಮಾ ಶುರುವಾಗಿದ್ದು 1958ರಲ್ಲಿ, ಚೆನ್ನೈನಲ್ಲಿ ಶಂಕರ ನೇತ್ರಾಲಯದವರ ಎಲೈಟ್ ಸ್ಕೂಲ್‌ನಲ್ಲಿ ನಾಲ್ಕು ವರ್ಷದ ಡಿಗ್ರಿ 1985ರಲ್ಲಿ, ಆದ್ರೆ ಆಪ್ಟೋಮೆಟ್ರಿಸ್ಟ್ ಅನ್ನೋ ಹೆಸರು ದೇಶದ ಕಾನೂನಲ್ಲಿ ಸೇರಿದ್ದು 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯಲ್ಲಿ. ಮೊದಲ ಡಿಪ್ಲೊಮಾದಿಂದ ಲೆಕ್ಕ ಹಾಕಿದ್ರೆ 63 ವರ್ಷ. ಆ 63 ವರ್ಷ ಮನವಿ ಬರೆದವರು, ದೆಹಲಿಗೆ ಸ್ವಂತ ದುಡ್ಡಲ್ಲಿ ಹೋಗಿ ಬಂದವರು ಎಲ್ಲಾ ದಿನಾ ಬೆಳಗ್ಗೆಯಿಂದ ಸಂಜೆವರೆಗೆ ಪೇಷಂಟ್ ನೋಡೋ ಆಪ್ಟೋಮೆಟ್ರಿಸ್ಟ್‌ಗಳೇ. ಹಾಗಾಗಿ ಮೆಂಬರ್‌ಶಿಪ್‌ನಿಂದ ಏನು ಸಿಗುತ್ತೆ ಅನ್ನೋ ಪ್ರಶ್ನೆಗೆ ನನ್ನ ಮೊದಲ ಉತ್ತರ, ನೀವು ಇವತ್ತು ಓದ್ತಿರೋ ಡಿಗ್ರಿಗೆ ಕಾನೂನಲ್ಲಿ ಒಂದು ಜಾಗ ಸಿಕ್ಕಿರೋದೇ ಅದರಿಂದ.

ಇಲ್ಲೊಂದು ಗೊಂದಲ ಬಿಡಿಸ್ಬೇಕು, ಯಾಕಂದ್ರೆ ಕೊನೇ ವರ್ಷದವರಿಗೂ ಇದು ಕ್ಲಿಯರ್ ಇರಲ್ಲ. ಅಸೋಸಿಯೇಷನ್ ಅಂದ್ರೆ ಸ್ವಇಚ್ಛೆಯಿಂದ ಸೇರೋದು, ಉದಾಹರಣೆಗೆ ಇಂಡಿಯನ್ ಆಪ್ಟೋಮೆಟ್ರಿಕ್ ಅಸೋಸಿಯೇಷನ್, ಸೇರದಿದ್ರೂ ನಿಮ್ಮ ಡಿಗ್ರಿಗೇನೂ ಆಗಲ್ಲ. 2021ರ ಕಾಯ್ದೆ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ಕೌನ್ಸಿಲ್ ಇರ್ಬೇಕು, ಅದರ ರಿಜಿಸ್ಟರ್‌ನಲ್ಲಿ ಹೆಸರು ಸೇರಿಸೋದು ಕಾನೂನಿನ ವಿಷಯ. ಕಾನೂನು ಇಲ್ಲದಿದ್ದ ಕಾಲದಲ್ಲಿ ವೃತ್ತಿಯವರೇ ಸೇರಿ ಸ್ವಯಂ ನಿಯಂತ್ರಣಕ್ಕೆ ಅಂತ ಆಪ್ಟೋಮೆಟ್ರಿ ಕೌನ್ಸಿಲ್ ಆಫ್ ಇಂಡಿಯಾ ಮಾಡ್ಕೊಂಡ್ರು, ಒಳ್ಳೇ ಕೆಲಸ, ಆದ್ರೆ ಅದರ ನೋಂದಣಿ ಬೇರೆ ರಾಜ್ಯ ಕೌನ್ಸಿಲ್ ನೋಂದಣಿ ಬೇರೆ, ಒಂದು ಇದೆ ಅಂತ ಇನ್ನೊಂದನ್ನ ಬಿಡೋಕಾಗಲ್ಲ. ಆ ಕಾಯ್ದೆಯಲ್ಲಿ ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸ್ಕೊಳ್ಳೋಕೆ ಕನಿಷ್ಠ 3600 ಗಂಟೆ ಓದಿನ ಡಿಗ್ರಿ ಬೇಕು, ಅಲೈಡ್ ಹೆಲ್ತ್ ಪ್ರೊಫೆಷನಲ್‌ಗೆ 2000 ಗಂಟೆ ಅಂತ ಬೇರೆ ಬೇರೆ ಇಟ್ಟಿದಾರೆ. ಇಂಥ ಲೆಕ್ಕ ಎಲ್ಲೋ ಮೀಟಿಂಗಲ್ಲಿ ಕೂತು ಮಾಡ್ತಾರೆ, ಆ ಮೀಟಿಂಗಲ್ಲಿ ನಮ್ಮ ಕೆಲಸ ಗೊತ್ತಿರೋರು ಕೂರಬೇಕಂದ್ರೆ ಹಿಂದೆ ಒಂದು ಗಟ್ಟಿ ಸಂಘ ಇರಲೇಬೇಕು.

ಈಗ ಕಾಲೇಜ್ ಕ್ಲಬ್. ನಾನು ನಿಜವಾಗಿ ಬರೀಬೇಕು ಅಂದ್ಕೊಂಡಿದ್ದು ಇದನ್ನೇ.

ತುಂಬಾ ಕಡೆ ಕ್ಲಬ್ ಅಂದ್ರೆ ವರ್ಷಕ್ಕೆ ಎರಡು ಸಲ, ಮಾರ್ಚ್ 23ಕ್ಕೆ ವಿಶ್ವ ಆಪ್ಟೋಮೆಟ್ರಿ ದಿನ, ಅಕ್ಟೋಬರ್ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ. ಬ್ಯಾನರ್, ಜಾಥಾ, ಫೋಟೋ, ಒಂದು ಸ್ಕೂಲ್ ಸ್ಕ್ರೀನಿಂಗ್. ಜಾಥಾ ಬೇಡ ಅಂತ ನಾನು ಹೇಳಲ್ಲ, ಜನಕ್ಕೆ ನಮ್ಮ ಕೆಲಸದ ಹೆಸರಾದ್ರೂ ಗೊತ್ತಾಗ್ಬೇಕಲ್ಲ. ಆದ್ರೆ ಆ ಸ್ಕೂಲ್ ಸ್ಕ್ರೀನಿಂಗ್ ಬಗ್ಗೆ ನಂಗೆ ತುಂಬಾ ಸಂಕಟ ಇದೆ. ಒಂದೇ ದಿನ ಮುನ್ನೂರು ನಾನೂರು ಮಕ್ಕಳನ್ನ ನೋಡಿದೀವಿ ಅಂತ ಹೆಮ್ಮೆಯಿಂದ ಹೇಳ್ತಾರೆ, ಅದರಲ್ಲಿ ಕನ್ನಡಕ ಬೇಕು ಅಂತ ಚೀಟಿ ಬರೆದುಕೊಟ್ಟ ಮಕ್ಕಳಲ್ಲಿ ಎಷ್ಟು ಜನ ಮೂರು ತಿಂಗಳಾದ್ಮೇಲೆ ಕನ್ನಡಕ ಹಾಕ್ತಿದಾರೆ ಅಂತ ಕೇಳಿದ್ರೆ ಯಾರ ಹತ್ರನೂ ಉತ್ತರ ಇರಲ್ಲ. ಚೀಟಿ ಮಗುವಿನ ಬ್ಯಾಗಲ್ಲೇ ಉಳಿದಿರುತ್ತೆ, ಅಪ್ಪ ಅಮ್ಮ ಕೂಲಿ ಬಿಟ್ಟು ಆಸ್ಪತ್ರೆಗೆ ಬರಕ್ಕಾಗಿರಲ್ಲ, ಇಲ್ಲಾ ಕನ್ನಡಕ ಬಂದಿರುತ್ತೆ ಕ್ಲಾಸಲ್ಲಿ ರೇಗಿಸ್ತಾರೆ ಅಂತ ಹಾಕಿರಲ್ಲ, ಇನ್ನು ಹೆಣ್ಣು ಮಕ್ಕಳಾದ್ರೆ ಈಗಲೇ ಕನ್ನಡಕ ಹಾಕಿದ್ರೆ ಮುಂದೆ ಮದುವೆಗೆ ಕಷ್ಟ ಅಂತ ಅಜ್ಜಿನೇ ತೆಗೆದಿಟ್ಟಿರ್ತಾರೆ. ಇದೆಲ್ಲಾ ಗೊತ್ತಾಗೋದು ಎರಡನೇ ಸಲ ಅದೇ ಸ್ಕೂಲಿಗೆ ಹೋದಾಗ ಮಾತ್ರ. ಅದಕ್ಕೆ ನನ್ನ ಹತ್ರ ಕೇಳೋ ಕ್ಲಬ್‌ನವರಿಗೆಲ್ಲಾ ಒಂದೇ ಮಾತು ಹೇಳ್ತೀನಿ, ಹತ್ತು ಸ್ಕೂಲ್ ಬೇಡ, ಕಾಲೇಜ್ ಹತ್ರದ ಎರಡು ಸರ್ಕಾರಿ ಶಾಲೆ ತಗೊಳ್ಳಿ, ಮೂರು ವರ್ಷ ಅದೇ ಶಾಲೆಗಳಿಗೆ ಹೋಗಿ, ಮಗುವಿನ ಹೆಸರು ನಂಬರ್ ಬರೆದಿಟ್ಕೊಳ್ಳಿ, ಮೇಷ್ಟ್ರನ್ನ ಪರಿಚಯ ಮಾಡ್ಕೊಳ್ಳಿ, ಪೇರೆಂಟ್ಸ್ ಮೀಟಿಂಗ್ ದಿನ ಹೋಗಿ ಹತ್ತು ನಿಮಿಷ ಮಾತಾಡಿ.

ಸ್ಕ್ರೀನಿಂಗ್ ಮಾಡೋ ರೀತಿನೂ ಕ್ಲಬ್ಬಲ್ಲೇ ತಿದ್ಕೋಬೇಕು. ಮಗು ಒಂದು ಕಣ್ಣಿಗೆ ಅಂಗೈ ಇಟ್ಕೊಂಡು ಬೆರಳ ಸಂದಿಯಿಂದ ನೋಡ್ತಿದ್ರೆ ಒಂದು ಕಣ್ಣು ಮಂಜಾಗಿದ್ರೂ ಎರಡೂ ಪಾಸ್ ಆಗಿಬಿಡುತ್ತೆ, ಅಂದ್ರೆ ಸೋಮಾರಿ ಕಣ್ಣಿರೋ (ಒಂದು ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯದ) ಮಗುನೇ ತಪ್ಪಿಹೋಗುತ್ತೆ, ಯಾರಿಗೋಸ್ಕರ ಹೋಗಿದ್ವೋ ಅವರೇ. ಆರು ಮೀಟರ್‌ನ ಚಾರ್ಟ್‌ನ ಜಾಗ ಇಲ್ಲ ಅಂತ ನಾಲ್ಕು ಮೀಟರ್‌ಗೆ ಇಟ್ಟು 6/6 (ಆರು ಮೀಟರ್‌ನಿಂದ ದೃಷ್ಟಿ ಸರಿ ಇದೆ) ಅಂತ ಬರೆದ್ರೆ ಆ ನಂಬರ್‌ಗೆ ಅರ್ಥನೇ ಇಲ್ಲ. ಪ್ಲಸ್ ಪವರ್ ಇರೋ, ಅಂದ್ರೆ ದೂರದೃಷ್ಟಿ ದೋಷದ ಮಕ್ಕಳು ಕಣ್ಣಿಗೆ ಒತ್ತಡ ಹಾಕಿ ಕೊನೇ ಸಾಲು ಓದಿಬಿಡ್ತಾರೆ, ಅವರ ಮುಂದೆ +1.50 ಅಥವಾ +2.00 ಲೆನ್ಸ್ ಇಟ್ಟಾಗ್ಲೂ ಅದೇ ಸಾಲು ಓದ್ತಿದ್ರೆ ಕರೆಸಿ ನೋಡಬೇಕು, ಈ ಒಂದು ಸ್ಟೆಪ್‌ಗೆ ಹೆಚ್ಚು ಅಂದ್ರೆ ಅರ್ಧ ನಿಮಿಷ ಆಗುತ್ತೆ ಆದ್ರೂ ಗಡಿಬಿಡಿಯಲ್ಲಿ ಬಿಟ್ಟುಬಿಡ್ತಾರೆ.

ಇನ್ನೊಂದು ರೆಟಿನೋಸ್ಕೋಪಿ, ಅಂದ್ರೆ ಕಣ್ಣೊಳಗೆ ಬೆಳಕು ಬಿಟ್ಟು ಅದು ವಾಪಸ್ ಬರೋ ರೀತಿ ನೋಡಿ ಪವರ್ ಅಳೆಯೋದು. ಈಗ ಎಲ್ಲಾ ಕಡೆ ಪವರ್ ತಾನೇ ಅಳೆಯೋ ಆಟೋರೆಫ್ರಾಕ್ಟೋಮೀಟರ್ ಮಷೀನ್ ಬಂದು ಪೇಷಂಟ್‌ಗಳೇ "ಕಂಪ್ಯೂಟರ್ ಟೆಸ್ಟ್ ಮಾಡಿ" ಅಂತಾರೆ, ಸ್ಟೂಡೆಂಟ್ಸ್ ಕೈಗೆ ರೆಟಿನೋಸ್ಕೋಪ್ ಸಿಗೋದೇ ಪ್ರಾಕ್ಟಿಕಲ್ ಕ್ಲಾಸಲ್ಲಿ ಒಂದಿಷ್ಟು ಹೊತ್ತು. ಇದನ್ನ ಕ್ಲಬ್ ಸರಿ ಮಾಡಬಹುದು, ವಾರಕ್ಕೆ ಒಂದು ಸಂಜೆ ಲ್ಯಾಬ್ ಕೀ ಇಸ್ಕೊಂಡು ಸೀನಿಯರ್ಸು ಜೂನಿಯರ್ಸು ಒಬ್ಬರ ಕಣ್ಣು ಒಬ್ಬರು ನೋಡೋದು. 66 ಸೆಂಟಿಮೀಟರ್ ದೂರದಲ್ಲಿ ಕೂತು ನೋಡ್ತೀವಿ ಅಂತ ಬಂದ ಪವರ್‌ನಿಂದ 1.50 ಡಯಾಪ್ಟರ್ (ಲೆನ್ಸ್ ಪವರ್‌ನ ಅಳತೆ) ಕಳೀತೀವಿ, ಆದ್ರೆ ಕೈ ಚಿಕ್ಕದಿರೋರು ಗೊತ್ತಿಲ್ಲದೇನೇ 50 ಸೆಂಟಿಮೀಟರ್‌ಗೆ ಬಂದು ಕೂತಿರ್ತಾರೆ, ಅಲ್ಲಿ 2.00 ಕಳೀಬೇಕು, ಹಾಗಾಗಿ ಅವರ ಪ್ರತಿ ರೀಡಿಂಗಲ್ಲೂ ಅರ್ಧ ಡಯಾಪ್ಟರ್ ವ್ಯತ್ಯಾಸ. ಪಕ್ಕದಲ್ಲಿ ಕೂತ ಫ್ರೆಂಡ್ ಒಂದು ದಾರ ಹಿಡಿದು ಅಳೆದ್ರೆ ಅವತ್ತೇ ಗೊತ್ತಾಗುತ್ತೆ. ನಾಲ್ಕು ವರ್ಷದ ಮಗು ಕೂತಾಗ, ಮಾತು ಬರದವರು ಕೂತಾಗ, ಕರೆಂಟ್ ಇಲ್ಲದ ಹಳ್ಳಿ ಕ್ಯಾಂಪಲ್ಲಿ ನಿಮ್ಮನ್ನ ಕಾಪಾಡೋದು ಈ ಒಂದು ಕೈಚಳಕ.

ಕನ್ನಡ ಮೀಡಿಯಂನಿಂದ ಬಂದ ಮಕ್ಕಳ ಬಗ್ಗೆನೂ ಹೇಳ್ಬೇಕು. ಕೇಸ್ ಪ್ರೆಸೆಂಟೇಷನ್ ಇಂಗ್ಲಿಷಲ್ಲೇ ಅಂದ ತಕ್ಷಣ ಚೆನ್ನಾಗಿ ಕೆಲಸ ಬರೋರೂ ಹಿಂದಿನ ಬೆಂಚಿಗೆ ಹೋಗ್ತಾರೆ. ಕ್ಲಬ್ಬಲ್ಲಿ ಮೊದಲು ಕನ್ನಡದಲ್ಲೇ ಕೇಸ್ ಹೇಳೋಕೆ ಬಿಡಿ, ವಿಷಯ ಬಾಯಲ್ಲಿ ಕೂತ್ಮೇಲೆ ಇಂಗ್ಲಿಷ್ ತಾನಾಗೇ ಬರುತ್ತೆ, ಮತ್ತೆ ಪೇಷಂಟ್ ಹತ್ರ ಕೊನೆಗೂ ಮಾತಾಡಬೇಕಿರೋದು ಕನ್ನಡದಲ್ಲೇ. ಗ್ಲಾಕೋಮಾಗೆ (ಕಣ್ಣಿನ ನರ ಹಾಳಾಗ್ತಾ ಹೋಗೋ ಕಾಯಿಲೆ) ಡ್ರಾಪ್ಸ್ ಹಾಕ್ಕೊಂಡ್ರೂ ದೃಷ್ಟಿ ಜಾಸ್ತಿ ಆಗಲ್ಲ, ಇರೋದು ಉಳಿಯುತ್ತೆ, ಅದಕ್ಕೇ ನಿಲ್ಲಿಸಬಾರದು ಅನ್ನೋದನ್ನ ಅರವತ್ತು ದಾಟಿದ ಅಜ್ಜನಿಗೆ ಮನಸ್ಸಿಗೆ ಹೋಗೋ ಹಾಗೆ ಹೇಳೋದು ಯಾವ ಪಠ್ಯಪುಸ್ತಕದಲ್ಲೂ ಕಲಿಸಿಲ್ಲ, ಅದನ್ನ ಒಬ್ಬರ ಮುಂದೆ ಒಬ್ಬರು ಹೇಳಿ ಹೇಳಿನೇ ಕಲೀಬೇಕು.

ಲೆನ್ಸ್ ಕಂಪನಿಗಳು ಪ್ರೋಗ್ರಾಂ ಸ್ಪಾನ್ಸರ್ ಮಾಡ್ತೀವಿ ಅಂತ ಬರ್ತವೆ, ಬರಲಿ, ಊಟ ಹಾಲ್ ಕೊಡ್ಲಿ, ಆದ್ರೆ ಯಾವ ವಿಷಯ ಮಾತಾಡ್ಬೇಕು ಅಂತ ಕ್ಲಬ್ಬೇ ತೀರ್ಮಾನ ಮಾಡ್ಲಿ. ಕಾಂಟ್ಯಾಕ್ಟ್ ಲೆನ್ಸ್ ಕಲಿಯೋಕೆ ಆಸೆ ಇದ್ದೋರು ನಿಮ್ಮ ಟೀಚರ್‌ಗಳ ಮೂಲಕ ಐಎಸಿಎಲ್‌ಇ ವಿಚಾರಿಸಿ, 1979ರಿಂದ ಇರೋ ಕಾಂಟ್ಯಾಕ್ಟ್ ಲೆನ್ಸ್ ಶಿಕ್ಷಕರ ಅಂತಾರಾಷ್ಟ್ರೀಯ ಸಂಘ ಅದು, ಸ್ಟೂಡೆಂಟ್ಸ್‌ಗೆ ಅಂತಲೇ ಪರೀಕ್ಷೆ ಇಟ್ಟಿದಾರೆ.

ಅಮೆರಿಕದ ವಿದ್ಯಾರ್ಥಿಗಳು 1968ರಲ್ಲೇ ತಮ್ಮದೇ ರಾಷ್ಟ್ರೀಯ ಸಂಘ ಕಟ್ಕೊಂಡ್ರು, ಎಒಎಸ್‌ಎ ಅಂತ, ಪ್ರತಿ ಕಾಲೇಜಿಂದ ಅದಕ್ಕೆ ಪ್ರತಿನಿಧಿಗಳು ಇರ್ತಾರೆ. ಅಲ್ಲೇ ವೋಶ್ (VOSH) ಅನ್ನೋ ಸೇವಾ ಸಂಸ್ಥೆ ಇದೆ, ಅದರ ವಿದ್ಯಾರ್ಥಿ ಘಟಕಗಳು ಬಡ ದೇಶಗಳಿಗೆ ಹೋಗಿ ಕಣ್ಣು ನೋಡಿ ಕನ್ನಡಕ ಕೊಟ್ಟು ಬರ್ತವೆ. ಈಗ ವೋಶ್ ಬರೀ ಕ್ಯಾಂಪಿಗೆ ನಿಂತಿಲ್ಲ, ಹೈಟಿಯಂಥ ದೇಶದಲ್ಲಿ ಆಪ್ಟೋಮೆಟ್ರಿ ಶಾಲೆ ಕಟ್ಟೋಕೇ ಕೈ ಜೋಡಿಸಿದೆ, ಬಂದು ಹೋಗೋರಿಗಿಂತ ಅಲ್ಲೇ ಇರೋರನ್ನ ತಯಾರು ಮಾಡೋಣ ಅಂತ. ಎರಡು ಶಾಲೆಗೆ ಮೂರು ವರ್ಷ ಹೋಗಿ ಅಂತ ನಾನು ಮೇಲೆ ಹೇಳಿದ್ದಕ್ಕೂ ಇದಕ್ಕೂ ಯೋಚನೆ ಒಂದೇ.

ನಮ್ಮಲ್ಲಿ ಕಾಲೇಜ್ ಕಾಲೇಜ್‌ಗಳ ನಡುವೆ ಮಾತುಕತೆ ಇನ್ನೂ ಕಮ್ಮಿ. ಇಂಟರ್ನ್‌ಗಳಿಗೆ ಒಂದು ಕಡೆ ಸ್ಟೈಪೆಂಡ್ ಇರುತ್ತೆ ಇನ್ನೊಂದು ಕಡೆ ಇರಲ್ಲ, ಒಂದು ಕಡೆ ಸ್ಲಿಟ್ ಲ್ಯಾಂಪ್ (ಕಣ್ಣನ್ನ ದೊಡ್ಡದು ಮಾಡಿ ತೋರಿಸೋ ಸೂಕ್ಷ್ಮದರ್ಶಕ) ಮುಟ್ಟೋಕೆ ಬಿಡ್ತಾರೆ ಇನ್ನೊಂದು ಕಡೆ ವರ್ಷವಿಡೀ ಫ್ರೇಮ್ ತೋರಿಸೋಕೆ ನಿಲ್ಲಿಸ್ತಾರೆ. ಒಬ್ಬ ಇಂಟರ್ನ್ ಹೋಗಿ ಕೇಳಿದ್ರೆ ಕಂಪ್ಲೇಂಟ್ ಆಗುತ್ತೆ, ಹತ್ತು ಕಾಲೇಜಿನ ಕ್ಲಬ್ಬುಗಳು ಸೇರಿ ಯಾವ ಕಡೆ ಏನು ಕಲಿಸ್ತಾರೆ ಅಂತ ಬರೆದಿಟ್ಟು ರಾಜ್ಯದ ಅಸೋಸಿಯೇಷನ್ ಮುಂದೆ ಇಟ್ರೆ ಅದು ಚರ್ಚೆ ಆಗುತ್ತೆ.

ಶುರು ಮಾಡೋಕೆ ಹೊರಟೋರಿಗೆ ಅನುಭವದಿಂದ ಒಂದು ವಿಷಯ, ಕೊನೇ ವರ್ಷದವರನ್ನ ಸೆಕ್ರೆಟರಿ ಮಾಡಬೇಡಿ, ಅವರು ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋದ ದಿನವೇ ಕ್ಲಬ್ ನಿಂತುಹೋಗುತ್ತೆ. ಎರಡನೇ ವರ್ಷದವರು ಜವಾಬ್ದಾರಿ ತಗೊಳ್ಳಿ, ಮೂರನೇ ವರ್ಷದವರು ಜೊತೆಗಿರಲಿ, ಫಾಲೋ-ಅಪ್ ಪುಸ್ತಕ ಮಾತ್ರ ಯಾರ ಮನೆಗೂ ಹೋಗದೆ ಡಿಪಾರ್ಟ್‌ಮೆಂಟ್ ಬೀರುವಿನಲ್ಲೇ ಇರಲಿ, ಯಾಕಂದ್ರೆ ಮಕ್ಕಳ ಹೆಸರು ವಿಳಾಸ ಇರೋ ಪುಸ್ತಕ ಅದು, ಮತ್ತೆ ಜೂನ್‌ನಲ್ಲಿ ಶಾಲೆ ಶುರುವಾದಾಗ ಹೊಸ ಟೀಮ್ ಮೊದಲು ತೆಗೀಬೇಕಾದದ್ದೂ ಅದನ್ನೇ.