ಪದ ಪರಿಚಯ: ಪ್ರತಿದೀಪ್ತಿ ಸೂಕ್ಷ್ಮದರ್ಶನ

ಬ್ಯಾಂಕಿನ ಕೌಂಟರಿನಲ್ಲಿ ಐನೂರರ ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿದಾಗ ಅದರ ಕ್ರಮಸಂಖ್ಯೆಯ ಅಂಕೆಗಳು ಹೊಳೆಯತೊಡಗುತ್ತವೆ. ದೀಪದಿಂದ ಬರುವ ನೇರಳಾತೀತ ಕಿರಣ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಹೊಳಪು ಶಾಯಿಯದು. ಹೀಗೆ ಒಂದು ಬೆಳಕನ್ನು ಹೀರಿಕೊಂಡು, ಅದಕ್ಕಿಂತ ಹೆಚ್ಚು ತರಂಗಾಂತರದ ಬೇರೆ ಬಣ್ಣದ ಬೆಳಕನ್ನು ಮರುಕ್ಷಣವೇ ಹೊರಸೂಸುವ ಗುಣವೇ ಪ್ರತಿದೀಪ್ತಿ. ಮಿಣುಕುಹುಳು ತನ್ನ ಮೈಯೊಳಗಿನ ರಾಸಾಯನಿಕ ಕ್ರಿಯೆಯಿಂದ ತಾನೇ ಬೆಳಗುತ್ತದೆ. ಪ್ರತಿದೀಪ್ತಿಯಾದರೋ ದೀಪ ಆರಿದೊಡನೆ ಆರುತ್ತದೆ. ಪದದೊಳಗಿನ 'ಪ್ರತಿ' ಎಂಬ ಉಪಸರ್ಗ ಅದಕ್ಕೇ ಬಹಳ ಸೂಕ್ತವಾಗಿ ಒಪ್ಪಿದೆ. ಈ ಗುಣವನ್ನು 1852ರಲ್ಲಿ ವಿವರಿಸಿದವರು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್.

ಈ ಗುಣ ರೋಗಾಣುವಿನ ಪತ್ತೆಗೆ ಎಷ್ಟು ನೆರವಾಗುತ್ತದೆ ಎಂಬುದನ್ನು ಕ್ಷಯರೋಗದ ಕಫ ಪರೀಕ್ಷೆಯಲ್ಲಿ ಚೆನ್ನಾಗಿ ನೋಡಬಹುದು. ಹಳೆಯ ಝೀಲ್-ನೀಲ್ಸನ್ ವಿಧಾನದಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳಂತೆ ಕಾಣುವ ಬ್ಯಾಕ್ಟೀರಿಯಾಗಳನ್ನು, ಸ್ಲೈಡಿನ ಮೇಲೆ ಎಣ್ಣೆಯ ಹನಿ ಹಾಕಿ, 1000 ಪಟ್ಟು ಹಿಗ್ಗಿಸಿ, ನೂರು ನೋಟಗಳವರೆಗೆ (ಒಂದು ನೋಟವೆಂದರೆ ಒಮ್ಮೆಗೆ ಕಾಣುವಷ್ಟು ಜಾಗ) ಹುಡುಕಬೇಕಾಗುತ್ತದೆ. ದಿನಕ್ಕೆ ಹತ್ತಾರು ಸ್ಲೈಡು ನೋಡುವ ತಂತ್ರಜ್ಞರ ಕಣ್ಣಿಗೆ ಇದೊಂದು ಶಿಕ್ಷೆಯೇ ಸರಿ. ಅದೇ ಕಫಕ್ಕೆ ಆರಮೀನ್ ಎಂಬ ಹಳದಿ ಬಣ್ಣ ಹಾಕಿ, ಆಮ್ಲ ಬೆರೆತ ಆಲ್ಕೋಹಾಲಿನಲ್ಲಿ ತೊಳೆದರೆ, ಮೇಣದಂಥ ಹೊದಿಕೆಯುಳ್ಳ ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ಬಳಿಕ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿ ಹಿನ್ನೆಲೆಯ ಹೊಳಪನ್ನು ಅಡಗಿಸುತ್ತಾರೆ. ಸೂಕ್ಷ್ಮದರ್ಶಕದ ಒಂದು ಬೆಳಕಿನ ಶೋಧಕ (ಫಿಲ್ಟರ್) ಸ್ಲೈಡಿನ ಮೇಲೆ ನೀಲಿ ಬೆಳಕನ್ನಷ್ಟೇ ಬೀಳಿಸುತ್ತದೆ. ಇನ್ನೊಂದು ಆ ನೀಲಿಯನ್ನು ತಡೆದು, ಬಣ್ಣ ಹೊರಸೂಸಿದ ಹಸಿರು-ಹಳದಿ ಬೆಳಕನ್ನಷ್ಟೇ ಕಣ್ಣಿಗೆ ಬಿಡುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಗೀರುಗಳು ಬೆಳಗುವುದರಿಂದ 200 ಅಥವಾ 400 ಪಟ್ಟು ಹಿಗ್ಗಿಸಿದರೂ ಸಾಕು. ಒಂದೊಂದು ನೋಟಕ್ಕೂ ಹೆಚ್ಚು ಜಾಗ ಸಿಗುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಪತ್ತೆಯ ಪ್ರಮಾಣವೂ ಸರಾಸರಿ ಶೇ. 10ರಷ್ಟು ಹೆಚ್ಚುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಈ ಉಪಕರಣ ದೊಡ್ಡ ಪ್ರಯೋಗಾಲಯಗಳ ಆಚೆ ಬಾರದಿರಲು ಮುಖ್ಯ ಕಾರಣ ಅದರ ದೀಪ. ಪಾದರಸದ ಆವಿಯ ದೀಪ ದುಬಾರಿ. 200-300 ಗಂಟೆಗಳಲ್ಲಿ ಅದರ ಆಯುಸ್ಸು ಮುಗಿಯುತ್ತದೆ, ಒಡೆದರೆ ಪಾದರಸದ ವಿಷದ ಭಯ, ಜೊತೆಗೆ ಕತ್ತಲೆ ಕೋಣೆ ಬೇಕು. ಸಾವಿರಾರು ಗಂಟೆ ಬಾಳುವ, ಬ್ಯಾಟರಿಯಲ್ಲೂ ಉರಿಯುವ ನೀಲಿ ಎಲ್‌ಇಡಿ ಬಂದು ಈ ತೊಡಕನ್ನು ಬಿಡಿಸಿತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೇ ಜೋಡಿಸಬಹುದಾದ ಎಲ್‌ಇಡಿ ಘಟಕಗಳೂ ಬಂದವು. ಪಾದರಸದ ದೀಪದ ಬದಲಿಗೆ ಎಲ್‌ಇಡಿಯನ್ನೇ ಬಳಸಬೇಕೆಂದೂ, ಝೀಲ್-ನೀಲ್ಸನ್ ವಿಧಾನದ ಜಾಗಕ್ಕೂ ಹಂತಹಂತವಾಗಿ ಇದನ್ನೇ ತರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಶಿಫಾರಸು ಮಾಡಿತು. ಸಣ್ಣ ಊರಿನ ಆರೋಗ್ಯ ಕೇಂದ್ರದ ಮಟ್ಟಿಗೆ ಇದು ದೊಡ್ಡ ಸಂಗತಿಯೆಂದೇ ನಾನು ಭಾವಿಸುತ್ತೇನೆ.

ಮಿತಿಗಳನ್ನೂ ಹೇಳಲೇಬೇಕು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಗಟ್ಟಲೆ ಬ್ಯಾಕ್ಟೀರಿಯಾಗಳಿಲ್ಲದಿದ್ದರೆ ಯಾವ ಸೂಕ್ಷ್ಮದರ್ಶಕಕ್ಕೂ ಅವು ಸಿಕ್ಕುವುದು ಕಷ್ಟ. ಆದ್ದರಿಂದಲೇ ಈಗ ಮೊದಲ ಪರೀಕ್ಷೆಯಾಗಿ ರೋಗಾಣುವಿನ ಡಿಎನ್‌ಎ ಹುಡುಕುವ ವಿಧಾನಗಳಿಗೆ ಆದ್ಯತೆಯಿದೆ. ಆರಮೀನಿನ ಹೊಳಪು ಬೆಳಕಿಗೆ ಮಾಸುವುದರಿಂದ ಸ್ಲೈಡುಗಳನ್ನು ಕತ್ತಲಲ್ಲಿಟ್ಟು ಒಂದು ದಿನದೊಳಗೆ ನೋಡಿ ಮುಗಿಸಬೇಕು. ಬಣ್ಣದ ಕಣವೂ ಹೊಳೆಯಬಹುದಾದ್ದರಿಂದ, ಅನುಮಾನ ಬಂದ ಚುಕ್ಕೆಯನ್ನು ಇನ್ನಷ್ಟು ಹಿಗ್ಗಿಸಿ ಅದು ಕಡ್ಡಿಯಾಕಾರದ್ದೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಚಿಕಿತ್ಸೆಯಲ್ಲಿರುವವರ ಕಫದಲ್ಲಿ ಸತ್ತ ಬ್ಯಾಕ್ಟೀರಿಯಾವೂ ಬದುಕಿರುವುದರಂತೆಯೇ ಹೊಳೆಯುತ್ತದೆ. ಅವೆರಡರ ವ್ಯತ್ಯಾಸ ತಿಳಿಯಬೇಕಾದರೆ ಕಲ್ಚರ್ ಮಾಡಿ, ಅದು ಬೆಳೆಯುತ್ತದೆಯೇ ಎಂದು ವಾರಗಟ್ಟಲೆ ಕಾಯಬೇಕಾಗುತ್ತದೆ.