ಪುಟ್ಟ ಮಕ್ಕಳೊಂದಿಗೆ ಕಡಿಮೆ ದರದ ವಿಮಾನ: ಏಳು ಕೆ.ಜಿ. ಕೈಚೀಲದಲ್ಲಿ ಏನಿರಬೇಕು?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು. ಪತಿ ಗಲ್ಫ್‌ನಲ್ಲಿ ಕೆಲಸದಲ್ಲಿದ್ದಾರೆ. ನಾಲ್ಕು ವರ್ಷದ ಮಗ ಹಾಗೂ ಒಂದೂವರೆ ವರ್ಷದ ಮಗಳನ್ನು ಕರೆದುಕೊಂಡು ನಾನೊಬ್ಬಳೇ ಕಣ್ಣೂರಿನಿಂದ ಕಡಿಮೆ ದರದ ವಿಮಾನದಲ್ಲಿ ಹೊರಡಬೇಕಾಗಿದೆ. ಕೈಚೀಲ ಏಳು ಕೆ.ಜಿ. ಮೀರಬಾರದು ಎನ್ನುತ್ತಾರೆ. ಮಕ್ಕಳ ಹಾಲು, ಊಟ, ಬಟ್ಟೆ, ಡೈಪರ್ ಎಲ್ಲವನ್ನೂ ಅದರಲ್ಲೇ ಹಿಡಿಸಬೇಕೆ? ಮಕ್ಕಳ ಹೆಸರಿನಲ್ಲಿ ಬೇರೆ ಚೀಲ ಒಯ್ಯಬಹುದೆ?

ಉತ್ತರ: ನಿಮ್ಮ ಮಗನ ಹೆಸರಿನಲ್ಲಿ ಖಂಡಿತ ಒಯ್ಯಬಹುದು. ಎರಡು ವರ್ಷ ತುಂಬಿದ ಮಗುವಿಗೆ ಪ್ರತ್ಯೇಕ ಟಿಕೆಟ್ ಮತ್ತು ಸೀಟು ಇರುವುದರಿಂದ ದೊಡ್ಡವರಿಗೆ ಇರುವ ಲಗೇಜಿನ ಮಿತಿಯೇ ಅದಕ್ಕೂ ಸಲ್ಲುತ್ತದೆ. ಮಗಳ ವಿಷಯ ಬೇರೆ. ಎರಡು ವರ್ಷದೊಳಗಿನ ಮಗು ತಾಯಿಯ ಮಡಿಲಲ್ಲಿ ಕುಳಿತು ಪ್ರಯಾಣಿಸುತ್ತದೆ. ಅದರ ಹೆಸರಿನಲ್ಲಿ ಎಷ್ಟು ಲಗೇಜು ಸಿಗುತ್ತದೆ ಎಂಬುದು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ರೀತಿ ಇರುವುದರಿಂದ, ಅದನ್ನು ನಿಮ್ಮ ಟಿಕೆಟ್ಟಿನಲ್ಲೇ ನೋಡಿಕೊಳ್ಳಬೇಕು. ಈ ವಯಸ್ಸನ್ನು ಪ್ರಯಾಣದ ದಿನಕ್ಕೆ ಲೆಕ್ಕ ಹಾಕುತ್ತಾರೆ. ಹೋಗುವಾಗ ಎರಡು ತುಂಬದ ಮಗಳಿಗೆ ಮರಳುವ ಹೊತ್ತಿಗೆ ತುಂಬಿದ್ದರೆ, ವಾಪಸು ಪ್ರಯಾಣಕ್ಕೆ ಸೀಟು ಕೊಳ್ಳಬೇಕಾಗುತ್ತದೆ. ಆಗ ಅವಳ ಪಾಲಿನ ಚೀಲವೂ ಸಿಗುತ್ತದೆ.

ಏಳು ಕೆ.ಜಿ. ಎಂಬುದು ಇಂಡಿಗೋ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥ ನಮ್ಮ ಸಂಸ್ಥೆಗಳ ಸಾಮಾನ್ಯ ಮಿತಿ. ಚೀಲದ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 115 ಸೆಂ.ಮೀ. ಮೀರಬಾರದು. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ನಿಯಮದಂತೆ ಒಬ್ಬರಿಗೆ ಒಂದೇ ಕೈಚೀಲ. ಆದರೆ ಈ ಒಂದರ ಜೊತೆಗೆ ಹೆಂಗಸರ ಹ್ಯಾಂಡ್‌ಬ್ಯಾಗ್, ಹೊದಿಕೆ, ಮಡಚುವ ಛತ್ರಿ, ಪ್ರಯಾಣದ ವೇಳೆಗೆ ಬೇಕಾದ ಮಗುವಿನ ಆಹಾರ ಮತ್ತು ಮಗುವನ್ನು ಒಯ್ಯುವ ಬುಟ್ಟಿ, ಇಂಥವಕ್ಕೆ ವಿನಾಯಿತಿ ಇದೆ. ಹಾಲಿನ ಬಾಟಲಿಯನ್ನೂ ತೂಕಕ್ಕೆ ಸೇರಿಸಬೇಕೇನೋ ಎಂದು ಹೆದರಿ ಅರ್ಧ ಬಾಟಲಿ ಮಾತ್ರ ತರುವ ತಾಯಂದಿರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಲೆಕ್ಕಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದ್ದರಿಂದ ನಮ್ಮ ಮಕ್ಕಳ ವಿಮಾನ ಪ್ರಯಾಣ ಘಾಟಿ ರಸ್ತೆಯಿಂದಲೇ ಶುರುವಾಗುತ್ತದೆ. ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿನ ತಿರುವುಗಳಲ್ಲಿ ಇಳಿದು, ಕೂಟುಪುಳ, ಇರಿಟ್ಟಿ ಮಾರ್ಗವಾಗಿ ಮಟ್ಟನ್ನೂರಿನ ನಿಲ್ದಾಣ ತಲುಪುವಷ್ಟರಲ್ಲಿ ಎಷ್ಟೋ ಮಕ್ಕಳು ಒಂದೆರಡು ಬಾರಿಯಾದರೂ ವಾಂತಿ ಮಾಡಿಕೊಂಡಿರುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಇದೇ ದಾರಿಯಲ್ಲಿ ಹೊರಟಿದ್ದೆವು. ಚೀಲವನ್ನು ಹಿಂದಿನ ರಾತ್ರಿ ಮನೆಯ ತಕ್ಕಡಿಯಲ್ಲಿ ತೂಗಿ, ಮಡಚಿ, ಅಚ್ಚುಕಟ್ಟಾಗಿ ಜೋಡಿಸಿದ್ದೆ. ಮೂರನೆಯ ತಿರುವಿಗೆ ಮೊದಲ ಜೊತೆ ಬಟ್ಟೆ ಹೋಯಿತು, ಮಾಕುಟ್ಟದಲ್ಲಿ ಎರಡನೆಯದು, ಜೊತೆಗೆ ಒರೆಸುವ ವೈಪ್ಸ್ ಪೊಟ್ಟಣವೂ ಖಾಲಿಯಾಯಿತು. ವಿಮಾನ ಮೇಲೇರಿದ ಮೇಲೆ ಹಾಲು ಚೆಲ್ಲಿಕೊಂಡಾಗ ಬದಲಿಸಲು ಒಂದು ಬಟ್ಟೆಯೂ ಉಳಿದಿರಲಿಲ್ಲ. ನನ್ನ ದುಪಟ್ಟಾದಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಂಡೆ. ತಂಪು ಗಾಳಿಗೆ ಅವಳು ನಡುಗಿದ್ದು ಇನ್ನೂ ನೆನಪಿದೆ.

ಅಂದಿನಿಂದ ನಾನು ಘಾಟಿಗೆ ಒಂದು, ವಿಮಾನಕ್ಕೆ ಒಂದು ಎಂದು ಎರಡು ಚೀಲ ಕಟ್ಟುತ್ತೇನೆ. ಘಾಟಿ ಚೀಲದಲ್ಲಿ ಎರಡು ಜೊತೆ ಬಟ್ಟೆ, ಹಳೆಯ ಟವೆಲ್, ಪ್ಲಾಸ್ಟಿಕ್ ಕವರ್, ನೀರು, ಮಕ್ಕಳ ಸ್ವೆಟರ್ ಇರುತ್ತವೆ. ಕೊಳೆಯಾದ ಬಟ್ಟೆಗಳ ಸಮೇತ ಆ ಚೀಲ ಬಿಡಲು ಬಂದ ವಾಹನದಲ್ಲೇ ಮನೆಗೆ ಮರಳುತ್ತದೆ. ವಿಮಾನದ ಚೀಲದ ಜಿಪ್ಪನ್ನು ನಿಲ್ದಾಣದ ಬಾಗಿಲವರೆಗೂ ತೆರೆಯುವುದಿಲ್ಲ. ಮನೆಯಲ್ಲಿ ತೂಗಿದ ತೂಕವೇ ಕೌಂಟರಿನಲ್ಲೂ ಬರಲು ಇದೊಂದೇ ದಾರಿ.

ಚೀಲದ ಆಯ್ಕೆಯಲ್ಲಿಯೂ ತೂಕ ಉಳಿಸಬಹುದು. ಚಕ್ರವಿರುವ ಗಟ್ಟಿ ಟ್ರಾಲಿ ಖಾಲಿಯಿದ್ದಾಗಲೇ ಎರಡೂವರೆ, ಮೂರು ಕೆ.ಜಿ. ತೂಗುತ್ತದೆ, ಏಳರಲ್ಲಿ ಅಷ್ಟನ್ನು ಪೆಟ್ಟಿಗೆಗೇ ಕೊಟ್ಟರೆ ಮಕ್ಕಳಿಗೆ ಉಳಿಯುವುದೇನು? ಬಟ್ಟೆಯ ಬೆನ್ನುಚೀಲ ಇದರ ಅರ್ಧದಷ್ಟೂ ತೂಗುವುದಿಲ್ಲ. ನಿಮ್ಮ ಹೆಸರಿನ ಏಳು, ಮಗನ ಹೆಸರಿನ ಏಳು, ಒಟ್ಟು ಹದಿನಾಲ್ಕು ಕೆ.ಜಿ. ಒಯ್ಯಲು ಅವಕಾಶವೇನೋ ಇದೆ. ಆದರೆ ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಮಗನ ಕೈ ಇರುವಾಗ ಎಳೆಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ನಿಮ್ಮ ಬೆನ್ನಿಗೆ ಆರು ಕೆ.ಜಿ. ಒಳಗಿನ ಒಂದು ಚೀಲ, ಮಗನ ಬೆನ್ನಿಗೆ ಅವನೇ ಹೊರಬಲ್ಲ ಪುಟ್ಟ ಚೀಲ ಸಾಕು. ಉಳಿದದ್ದೆಲ್ಲ ಚೆಕ್-ಇನ್ ಆಗಲಿ. ಇಲ್ಲಿ ಒಂದು ಎಚ್ಚರಿಕೆ: ಚೆಕ್-ಇನ್ ಲಗೇಜಿಲ್ಲದ ರಿಯಾಯಿತಿ ಟಿಕೆಟ್ ಮಾರಲು ದೇಶದೊಳಗಿನ ವಿಮಾನಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2021ರ ಫೆಬ್ರವರಿಯಲ್ಲಿ ಅನುಮತಿ ನೀಡಿದ ಬಳಿಕ ಅಂಥ ಟಿಕೆಟ್‌ಗಳು ಬಂದಿವೆ. ಎಲ್ಲಕ್ಕಿಂತ ಅಗ್ಗವಾಗಿ ಕಾಣುವ ಟಿಕೆಟ್ ಅದೇ ಆಗಿರಬಹುದು. ಮಕ್ಕಳಿರುವವರು ಅದನ್ನು ಕೊಳ್ಳದಿರುವುದೇ ಲೇಸು, ಏಕೆಂದರೆ ಲಗೇಜನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಕೊಳ್ಳುವುದಕ್ಕಿಂತ ನಿಲ್ದಾಣದಲ್ಲಿ ತೆರುವ ಹಣ ಹೆಚ್ಚು.

ಚೀಲದೊಳಗೆ ಯಾವುದು ಯಾವಾಗ ಬೇಕು ಎಂಬ ಕ್ರಮದಲ್ಲಿ ಜೋಡಿಸಿ. ಮೇಲಿನ ಜೇಬಿನಲ್ಲಿ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು, ಮೊಬೈಲ್, ಪವರ್ ಬ್ಯಾಂಕ್. ಬ್ಯಾಟರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಪವರ್ ಬ್ಯಾಂಕನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಅದರ ಕೆಳಗೆ, ಒಂದೇ ಸಲಕ್ಕೆ ಹೊರತೆಗೆಯಬಹುದಾದ ಸಣ್ಣ ಬಟ್ಟೆಚೀಲದಲ್ಲಿ ಹಾಲಿನ ಬಾಟಲಿ, ಎರಡು ಡೈಪರ್, ವೈಪ್ಸ್, ಒಂದು ಜೊತೆ ಬಟ್ಟೆ. ವಿಮಾನದಲ್ಲಿ ಕುಳಿತ ತಕ್ಷಣ ಇದನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು ದೊಡ್ಡ ಚೀಲವನ್ನು ಮುಂದಿನ ಸೀಟಿನ ಕೆಳಗೆ ತಳ್ಳಬಹುದು. ಮೊದಲ ಸಾಲಿನ ಸೀಟು ಬೇಡ. ಅಲ್ಲಿ ಮುಂದೆ ಸೀಟಿಲ್ಲದ ಕಾರಣ ಚೀಲ ಮೇಲಿನ ಕಪಾಟಿಗೇ ಹೋಗುತ್ತದೆ, ಮೇಲೇರುವಾಗ ಕಿವಿನೋವಿಗೆ ಮಗು ಅತ್ತರೆ ಬಾಟಲಿ ಕೈಗೆ ಸಿಗುವುದಿಲ್ಲ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದ್ರವಗಳಿಗೆ 100 ಮಿ.ಲೀ. ಮಿತಿಯಿದೆ. ಮಗುವಿನ ಹಾಲು, ಬೇಯಿಸಿದ ಆಹಾರ, ಔಷಧಿಗಳಿಗೆ ಪ್ರಯಾಣಕ್ಕೆ ಬೇಕಾದಷ್ಟರ ಮಟ್ಟಿಗೆ ಇದು ಅನ್ವಯಿಸುವುದಿಲ್ಲ. ತಪಾಸಣೆಯಲ್ಲಿ ನೀವೇ ಮೊದಲು ತೆಗೆದು ತೋರಿಸಿದರೆ ಸಮಯ ಉಳಿಯುತ್ತದೆ. ದೊಡ್ಡ ಮಗುವಿಗೆ ನೂಪುಟ್ಟು, ಚಪಾತಿಯಂಥ ಒಣ ತಿಂಡಿ ಡಬ್ಬಿಯಲ್ಲಿರಲಿ. ಆದರೆ ಅಪ್ಪನಿಗೆಂದು ಒಯ್ಯುವ ಜೇನಿನ ಬಾಟಲಿ, ಕಾಚಂಪುಳಿ (ನಮ್ಮ ಕಪ್ಪು ಹುಳಿರಸ), ಎಣ್ಣೆ ಹಾಕಿದ ಉಪ್ಪಿನಕಾಯಿ, ಖಾರದ ಪುಡಿ ಇವು ಕೈಚೀಲದಲ್ಲಿ ಬೇಡವೇ ಬೇಡ. ಗಟ್ಟಿಯಾಗಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯ ನಡುವೆ ಇಡಿ. ಕೊಬ್ಬರಿಯನ್ನು ಮಾತ್ರ ಎರಡರಲ್ಲೂ ಹಾಕಬೇಡಿ. ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದಲ್ಲಿ ಅದನ್ನು ಅಪಾಯದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ.

ಕೊಡಗಿನ ಮನೆಗಳಿಗೆಂದೇ ಇನ್ನೊಂದು ಮಾತು. ಆಯುಧ ಪೂಜಿಸುವ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೊಡಿಸಿದ ಆಟಿಕೆ ಕೋವಿಯನ್ನು ಮಗ ಬಿಟ್ಟಿರಲಾರದೆ ತನ್ನ ಚೀಲದಲ್ಲಿ ಹಾಕಿಕೊಂಡಿರಬಹುದು. ಆಟಿಕೆಯಾದರೂ ಕೋವಿಯ ಆಕಾರದ್ದನ್ನು ಕ್ಯಾಬಿನ್ನಿನೊಳಗೆ ಬಿಡುವುದಿಲ್ಲ, ತಪಾಸಣೆಯಲ್ಲಿ ಕಿತ್ತುಕೊಂಡರೆ ಮಗುವಿನ ಅಳು ನಿಲ್ಲಿಸುವುದು ಕಷ್ಟ. ಮದುವೆ ಉಡುಪಿನ ಪೀಚೆಕತ್ತಿ ಬೆಳ್ಳಿಯದ್ದೆಂದು ಕೈಯಲ್ಲೇ ಇಟ್ಟುಕೊಳ್ಳುವ ಆಸೆಯಾಗುತ್ತದೆ, ಅದೂ ಸಲ್ಲದು. ಮನೆಯಿಂದ ಹೊರಡುವ ಮುನ್ನ ಮಗನ ಚೀಲವನ್ನು ಒಮ್ಮೆ ನೀವೇ ಬಿಚ್ಚಿ ನೋಡಿ.

ಮಗಳ ತಳ್ಳುಗಾಡಿಯನ್ನು ಸಾಮಾನ್ಯವಾಗಿ ಶುಲ್ಕವಿಲ್ಲದೆ ಒಯ್ಯುತ್ತಾರೆ. ಅದನ್ನು ವಿಮಾನದ ಬಾಗಿಲವರೆಗೆ ಬಿಡುತ್ತಾರೋ, ಕೌಂಟರಿನಲ್ಲೇ ಪಡೆಯುತ್ತಾರೋ ಎಂದು ಚೆಕ್-ಇನ್ ವೇಳೆಯೇ ಕೇಳಿ, ಇಳಿದ ಮೇಲೆ ಎಲ್ಲಿ ಸಿಗುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ಲಗೇಜು ಬರುವ ಬೆಲ್ಟಿನಲ್ಲಿ ಸಿಗುತ್ತದೆ ಎಂದರೆ ಅಲ್ಲಿಯವರೆಗೆ, ಇಮಿಗ್ರೇಷನ್ ಸಾಲಿನಲ್ಲೂ, ನಿದ್ದೆಯಲ್ಲಿರುವ ಮಗಳನ್ನು ನೀವೇ ಎತ್ತಿಕೊಂಡಿರಬೇಕಾಗುತ್ತದೆ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯೊಂದನ್ನು ಚೀಲದ ಹೊರಜೇಬಿನಲ್ಲಿ ಇಟ್ಟುಕೊಂಡಿರಿ.